ಎಕ್ಸೀಡ್ ಜೊತೆ ‘ದ್ಯಾನ್’ ಬರುತ್ತಾ?

‘ದಿ ಸ್ಪೀಡ್ ಎಕ್ಸೀಡೆಡ್ ದ್ಯಾನ್ ದಿ ಲಿಮಿಟ್’ ಸರಿಯಾ ಅಂತ ಕೇಳಿದ್ದೀರಿ. ಸರಿಯಲ್ಲ. ‘ದ್ಯಾನ್’ ತೆಗೆದುಬಿಡಿ, ‘ಎಕ್ಸೀಡೆಡ್ ದಿ ಲಿಮಿಟ್’ ಅಂದರೆ ಸಾಕು.

ಈ ಗೊಂದಲ ಬರೋದು ಎಕ್ಸೀಡ್ ಅಂದರೆ ‘ಜಾಸ್ತಿಯಾಗು’ ಅಂತ ಕಲಿತಿರೋದರಿಂದ. ಜಾಸ್ತಿ ಅಂದ ಕೂಡಲೇ ನಮಗೆ ‘ಗಿಂತ’ ಬೇಕಾಗುತ್ತದೆ. ಅದರ ಬದಲು ‘ಮೀರು’ ಅಂತ ನೆನಪಿಟ್ಟುಕೊಳ್ಳಿ. ‘ಮಿತಿಗಿಂತ ಮೀರಿತು’ ಅಂತ ಯಾರೂ ಅನ್ನೋದಿಲ್ಲ, ‘ಮಿತಿಯನ್ನು ಮೀರಿತು’ ಅಂತೀವಿ, ಅಲ್ವಾ? ಇಂಗ್ಲಿಷಿನಲ್ಲೂ ಹಾಗೇ. ಮೀರಿದ್ದು ಯಾವುದನ್ನು ಅನ್ನೋದು ಕ್ರಿಯಾಪದದ ಪಕ್ಕದಲ್ಲೇ ನೇರವಾಗಿ ಬರಬೇಕು.

ಎಕ್ಸೀಡ್ ಅಂದ ಕೂಡಲೇ ತಪ್ಪು ಮಾಡಿದ್ದಾರೆ ಅಂತ ಅರ್ಥವೇನಲ್ಲ. ‘ಎಕ್ಸೀಡೆಡ್ ಎಕ್ಸ್‌ಪೆಕ್ಟೇಷನ್ಸ್’ ಅಂದರೆ ಹೊಗಳಿಕೆ, ನಿರೀಕ್ಷೆಗೂ ಮೀರಿ ಚೆನ್ನಾಗಿತ್ತು ಅಂತ. ಆದರೆ ಇದಕ್ಕೆ ಸಂಬಂಧಿಸಿದ ನಾಮಪದ ‘ಎಕ್ಸೆಸ್’, ಅದರಲ್ಲಿ ಅತಿಯಾಯಿತು ಅನ್ನೋ ಛಾಯೆ ಹೆಚ್ಚು. ಎಕ್ಸೀಡ್ ಸ್ವಲ್ಪ ಕಾಗದಪತ್ರದ ಭಾಷೆ. ಸುಮ್ನೆ ಮಾತಾಡುವಾಗ ‘ವೆಂಟ್ ಓವರ್ ದಿ ಲಿಮಿಟ್’ ಅಂದರೆ ಸಹಜವಾಗಿರುತ್ತದೆ.

ಸ್ಪೆಲಿಂಗ್‌ನಲ್ಲೂ ಎಡವಬೇಡಿ. ‘ಸಕ್ಸೀಡ್’, ‘ಪ್ರೊಸೀಡ್’ ಥರ ಇದರ ಕೊನೆಯಲ್ಲೂ ಎರಡು ‘ಇ’, ಆಮೇಲೆ ‘ಡಿ’. ‘ರಿಸೀಡ್’ (ಹಿಂದೆ ಸರಿ), ‘ಪ್ರಿಸೀಡ್’ (ಮೊದಲು ಬರು) ಹಾಗಲ್ಲ, ಅವುಗಳಲ್ಲಿ ‘ಡಿ’ಗೆ ಮೊದಲು ಒಂದೇ ‘ಇ’, ‘ಡಿ’ ಆದ ಮೇಲೆ ಇನ್ನೊಂದು ‘ಇ’ ಬರುತ್ತದೆ.