ಒಂದು ದೇಶದಿಂದ ಕಲಿಯಬಹುದಾದ ಪಾಠ

ಪ್ರಶ್ನೆ: ಒಂದೇ ದೇಶದ ಆರ್ಥಿಕತೆಯನ್ನು ಅಭ್ಯಾಸ ಮಾಡುವುದರಿಂದ ಅರ್ಥಶಾಸ್ತ್ರಜ್ಞರಿಗೆ ಏನು ತಿಳಿಯುತ್ತದೆ?

ಉತ್ತರ: ಜಪಾನನ್ನೇ ನೋಡಿ. 1989ರ ಕೊನೆಯಲ್ಲಿ 38,915 ಅಂಶಗಳಿಗೆ ಏರಿದ್ದ ನಿಕ್ಕಿ ಷೇರು ಸೂಚ್ಯಂಕವು, ಕುಸಿದ ಮೇಲೆ ಆ ಮಟ್ಟವನ್ನು ಮತ್ತೆ ದಾಟಿದ್ದು 2024ರಲ್ಲಿ. ಷೇರು ಮತ್ತು ಭೂಮಿಯ ಬೆಲೆ ಬಿದ್ದರೂ ಸಾಲ ಮಾತ್ರ ಹಾಗೆಯೇ ಉಳಿದದ್ದರಿಂದ, ಅನೇಕ ಕಂಪನಿಗಳು ಹೊಸ ಹೂಡಿಕೆಯನ್ನು ಕೈಬಿಟ್ಟು ಹಳೆಯ ಸಾಲ ತೀರಿಸುವುದರಲ್ಲೇ ತೊಡಗಿದವು. ಹೀಗಾಗಿ 1999ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ಬಡ್ಡಿದರವನ್ನು ಬಹುತೇಕ ಸೊನ್ನೆಗೆ ಇಳಿಸಿದರೂ ಸಾಲದ ಬೇಡಿಕೆ ಚಿಗುರಲಿಲ್ಲ. ಬಡ್ಡಿ ಇಳಿಸಿದರೆ ಆರ್ಥಿಕತೆ ತಾನಾಗಿ ಚೇತರಿಸುತ್ತದೆ ಎಂಬ ನಂಬಿಕೆಯನ್ನು ಇದು ಅಲುಗಾಡಿಸಿತು. ನನ್ನ ದೃಷ್ಟಿಯಲ್ಲಿ ಇದೇ ಅತಿ ಮುಖ್ಯ ಪಾಠ. ಆದರೆ ಜಪಾನಿನ ಎಲ್ಲ ಅನುಭವವೂ ಬೇರೆ ದೇಶಗಳಿಗೆ ಹೊಂದುವುದಿಲ್ಲ. ಅಲ್ಲಿನ ಸರ್ಕಾರಿ ಸಾಲವು ಜಿಡಿಪಿಯ (ದೇಶದ ವಾರ್ಷಿಕ ಒಟ್ಟು ಉತ್ಪಾದನೆಯ) ಎರಡು ಪಟ್ಟನ್ನು ಮೀರಿದ್ದರೂ ಅದರ ಬಹುಪಾಲು ದೇಶದೊಳಗಿನವರ ಕೈಯಲ್ಲಿ, ಅಲ್ಲಿನ ಕರೆನ್ಸಿಯಾದ ಯೆನ್‌ ರೂಪದಲ್ಲಿಯೇ ಇದೆ. ವಿದೇಶಿ ಕರೆನ್ಸಿಯಲ್ಲಿ ಸಾಲ ಪಡೆದ ದೇಶವು ಇಷ್ಟು ದೊಡ್ಡ ಸಾಲ ಹೊರುವುದನ್ನು ಅನುಕರಿಸಲಾಗದು.