ನೂರು ಶುಭಾಶಯ ಪತ್ರಗಳಿಗೆ ಯಾವ ಕಿಟ್ ಕೊಳ್ಳಲಿ? ಕಿಟ್ ಬೇಡ, ಮೊದಲು ಕಾಗದದ ನಾರು ನೋಡಿ

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನಗೆ 2012ರ ಮಳೆಗಾಲ ನೆನಪಾಯಿತು. ಕುಮಟಾದಲ್ಲಿ ಓದುತ್ತಿರುವ ನೀವು ಕ್ರಿಸ್‌ಮಸ್ ಮತ್ತು ಹೊಸ ವರ್ಷಕ್ಕೆಂದು ನೂರು ಶುಭಾಶಯ ಪತ್ರಗಳನ್ನು ಕೈಯಾರೆ ಮಾಡಿ ಮಾರಬೇಕೆಂದಿದ್ದೀರಿ. ಕ್ವಿಲ್ಲಿಂಗ್ (ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ ಮಾಡುವ ಅಲಂಕಾರ), ಪಾಪ್‌-ಅಪ್ (ತೆರೆದಾಗ ಒಳಗಿನ ಆಕೃತಿ ಎದ್ದು ನಿಲ್ಲುವ ಪತ್ರ), ಒರಿಗಾಮಿ (ಕಾಗದ ಮಡಚಿ ಮಾಡುವ ಆಕೃತಿ) ಇವುಗಳಲ್ಲಿ ಯಾವುದು ಒಳ್ಳೆಯದು, ಯಾವ ಕಿಟ್ ಕೊಳ್ಳಬೇಕು ಎಂದು ಕೇಳಿದ್ದೀರಿ. ಆ ವರ್ಷ ನಾನು ಕಾರವಾರದ ಕೋಡಿಬಾಗದಲ್ಲಿ ಬಾಡಿಗೆ ಮನೆಯಲ್ಲಿದ್ದೆ, ಮತ್ತು ಒಂದು ಕಚೇರಿಯಿಂದ ನೂರೈವತ್ತು ಪತ್ರಗಳ ಬೇಡಿಕೆಯನ್ನು ಒಪ್ಪಿಕೊಂಡಿದ್ದೆ.

ವಿನ್ಯಾಸದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. ಕಡುನೀಲಿ ಬಣ್ಣದ ದಪ್ಪ ಕಾಗದದ ಮೇಲೆ, ಕಾರವಾರದ ಸುಂಕೇರಿಯ ಕಡೆ ಡಿಸೆಂಬರ್‌ನಲ್ಲಿ ಮನೆಗಳ ಮುಂದೆ ತೂಗುವ ನಕ್ಷತ್ರದ ಗೂಡುದೀಪವನ್ನು ಹಳದಿ ಗಾಳಿಪಟದ ಕಾಗದದಿಂದ ಕತ್ತರಿಸಿ ಅಂಟಿಸುವುದು, ಒಳಗೆ ಬರೆಯಲು ಬಿಳಿಯ ಹಾಳೆ ಹಾಕುವುದು, ಪತ್ರವನ್ನು ಮೇಜಿನ ಮೇಲೆ ಗುಡಾರದಂತೆ ನಿಲ್ಲಿಸಲು ಬರುವ ಹಾಗೆ ಮೇಲ್ತುದಿಯಲ್ಲಿ ಮಡಚುವುದು, ಇಷ್ಟು. ಮಡಚಿದ ಮೇಲೆ ಅಗಲ 5 ಇಂಚು, ಎತ್ತರ 7 ಇಂಚು. ಬಿಡಿಸಿದರೆ 5ಕ್ಕೆ 14. ಚೌತಿ ಮುಗಿದ ವಾರವೇ ಕೆಲಸಕ್ಕೆ ಕುಳಿತೆ.

ನನ್ನ ತಪ್ಪು ನಡೆದದ್ದು ಮೊದಲ ದಿನ, ಮೊದಲ ಹಾಳೆಯನ್ನು ಕತ್ತರಿಸುವ ಮೊದಲೇ. ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನಾನು ನೋಡಿದ ಯಾವ ಕಲಿಕೆಯ ವೀಡಿಯೋದಲ್ಲೂ ಇದನ್ನು ಹೇಳಿರಲಿಲ್ಲ. ನಾನು ತಂದಿದ್ದ ಹಾಳೆಗಳು 22 ಇಂಚು ಅಗಲ, 28 ಇಂಚು ಉದ್ದದವು. ಪತ್ರದ 14 ಇಂಚಿನ ಬದಿಯನ್ನು ಹಾಳೆಯ ಉದ್ದಕ್ಕೆ ಇಟ್ಟರೆ ಒಂದು ಹಾಳೆಯಲ್ಲಿ ಎಂಟು ಪತ್ರಗಳಾಗುತ್ತವೆ. ಹಾಳೆಯ ಅಗಲಕ್ಕೆ ಇಟ್ಟರೆ ಐದೇ. ನೂರೈವತ್ತು ಪತ್ರಗಳಿಗೆ ಮೊದಲ ಲೆಕ್ಕದಲ್ಲಿ 19 ಹಾಳೆ ಸಾಕು, ಎರಡನೆಯದರಲ್ಲಿ 30 ಬೇಕು. ಹಾಳೆಗೆ ಹನ್ನೆರಡು ರೂಪಾಯಿಯಂತೆ 132 ರೂಪಾಯಿ ಉಳಿಯಿತೆಂದು ಸಂತೋಷಪಟ್ಟು, ಎಂಟರ ಲೆಕ್ಕದಲ್ಲಿ ಎಲ್ಲವನ್ನೂ ಕತ್ತರಿಸಿಬಿಟ್ಟೆ.

ಮಡಚಿದಾಗ ಮಡಿಕೆಯ ಉದ್ದಕ್ಕೂ ನೀಲಿ ಬಣ್ಣ ಬಿರಿದು ಒಳಗಿನ ಬಿಳಿ ಇಣುಕತೊಡಗಿತು. ಕೈ ಒತ್ತಡ ಹೆಚ್ಚಾಯಿತೆಂದು ಮೃದುವಾಗಿ ಮಡಚಿದೆ. ಆಗ ಮಡಿಕೆ ಕೂರಲಿಲ್ಲ, ಪತ್ರ ತಾನಾಗಿ ಅಗಲಿಸಿಕೊಂಡು ಮೇಜಿನ ಮೇಲೆ ಜಾರಿ ಬೀಳುತ್ತಿತ್ತು. ಹೇಗೋ ಸರಿಪಡಿಸಿಕೊಂಡು, ನೀರು ಬೆರೆಸಿ ತೆಳುವಾಗಿಸಿದ ಫೆವಿಕಾಲ್‌ನಿಂದ ಒಳಗಿನ ಬಿಳಿ ಹಾಳೆಗಳನ್ನು ಅಂಟಿಸಿ, ಪೆಟ್ಟಿಗೆಯಲ್ಲಿ ಜೋಡಿಸಿ, ಮೇಲೆ ರುಬ್ಬುವ ಗುಂಡುಕಲ್ಲನ್ನು ಹೇರಿಟ್ಟೆ. ಡಿಸೆಂಬರ್ ಮೊದಲ ವಾರ ಪೆಟ್ಟಿಗೆ ತೆರೆದರೆ ಅರ್ಧಕ್ಕರ್ಧ ಪತ್ರಗಳು ಹಂಚಿನಂತೆ ಬಾಗಿದ್ದವು. ಅವುಗಳಲ್ಲಿ 62ನ್ನು ಯಾರ ಕೈಗೂ ಕೊಡುವಂತಿರಲಿಲ್ಲ. ಉಳಿದ 88ನ್ನು ಒಪ್ಪಿಸಿ, ಅಷ್ಟಕ್ಕೇ ಹಣ ತೆಗೆದುಕೊಂಡು ಬಂದೆ. ಮುಂದಿನ ವರ್ಷ ಅಲ್ಲಿಂದ ಕರೆ ಬರಲಿಲ್ಲ.

ಕಾರಣ ತಿಳಿದದ್ದು ಶಿರಸಿಯ ತವರುಮನೆಗೆ ಹೋದಾಗ. ಹಳೆಯ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟಿಕೊಡುವ ವಯಸ್ಸಾದವರೊಬ್ಬರು ನಮ್ಮ ನೆರೆಯವರು. ಬಾಗಿದ ಪತ್ರವೊಂದನ್ನು ಅವರಿಗೆ ತೋರಿಸಿದೆ. ಅವರು ಏನೂ ಹೇಳದೆ ಹಿಂದಿನ ದಿನದ ಪತ್ರಿಕೆಯನ್ನು ಎತ್ತಿಕೊಂಡು ಮೇಲಿನಿಂದ ಕೆಳಕ್ಕೆ ಹರಿದರು: ಗೆರೆ ಎಳೆದಂತೆ ನೇರವಾಗಿ ಹರಿಯಿತು. ಅದೇ ಹಾಳೆಯನ್ನು ಎಡದಿಂದ ಬಲಕ್ಕೆ ಹರಿದರು: ಅಂಕುಡೊಂಕಾಗಿ, ಎಲ್ಲೆಲ್ಲಿಗೋ ಹೋಯಿತು. ಆಮೇಲೆ ಕೇಳಿದರು, “ತಂಗೀ, ಬಿದಿರನ್ನ ಉದ್ದಕ್ಕೆ ಸೀಳ್ತಾರೋ, ಅಡ್ಡಕ್ಕೆ ಸೀಳ್ತಾರೋ?”

ಕಾಗದಕ್ಕೂ ಬಿದಿರಿನಂತೆಯೇ ನಾರಿನ ದಿಕ್ಕಿದೆ. ಮುದ್ರಣಾಲಯದವರು ಅದನ್ನು ಗ್ರೇನ್ ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲೇ, ದಾಂಡೇಲಿಯಲ್ಲಿ, ಕಾಳಿ ನದಿಯ ದಡದಲ್ಲಿ ಕಾಗದದ ಕಾರ್ಖಾನೆಯಿದೆ. ಅಂಥ ಕಾರ್ಖಾನೆಗಳಲ್ಲಿ ನೀರಿನಂತಿರುವ ತಿರುಳು ಓಡುತ್ತಿರುವ ಜಾಲರಿಯ ಮೇಲೆ ಹರಿಯುವಾಗ ಹೆಚ್ಚಿನ ಎಳೆಗಳು ಜಾಲರಿ ಓಡುವ ದಿಕ್ಕಿಗೇ ಮುಖ ಮಾಡಿ ಮಲಗುತ್ತವೆ. ಆ ದಿಕ್ಕಿಗೆ ಸಮಾನಾಂತರವಾಗಿ ಮಡಚಿದರೆ ಎಳೆಗಳ ನಡುವೆ ಮಡಿಕೆ ಬೀಳುತ್ತದೆ. ಅಡ್ಡವಾಗಿ ಮಡಚಿದರೆ ಎಳೆಗಳೇ ಮುರಿಯಬೇಕಾಗುತ್ತದೆ, ಆದ್ದರಿಂದ ಮೇಲ್ಮೈ ಬಿರಿಯುತ್ತದೆ. ತೇವ ತಗುಲಿದಾಗ ಎಳೆಗಳು ಉದ್ದಕ್ಕೆ ಬೆಳೆಯುವುದು ತೀರ ಕಡಿಮೆ, ದಪ್ಪವಾಗುವುದೇ ಹೆಚ್ಚು. ಹಾಗಾಗಿ ಹಾಳೆ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ, ಒಣಗಿದಾಗ ಅಡ್ಡವಾಗಿಯೇ ಕುಗ್ಗುತ್ತದೆ. ನನ್ನ ನೀಲಿ ಹಾಳೆಯ ನಾರು ಮಡಿಕೆಗೆ ಅಡ್ಡವಾಗಿತ್ತು, ಒಳಗಿನ ಬಿಳಿ ಹಾಳೆಯದು ಉದ್ದವಾಗಿತ್ತು. ಸೆಪ್ಟೆಂಬರ್‌ನ ತೇವದಲ್ಲಿ, ನೀರಿನ ಗೋಂದಿನಲ್ಲಿ ಎರಡನ್ನೂ ಅಂಟಿಸಿದ್ದೆ. ಡಿಸೆಂಬರ್‌ನ ಒಣಗಾಳಿಗೆ ಒಂದು ಒಂದು ಕಡೆಗೆ, ಇನ್ನೊಂದು ಇನ್ನೊಂದು ಕಡೆಗೆ ಎಳೆದುಕೊಂಡಿತು. ಗುಂಡುಕಲ್ಲಲ್ಲ, ಗುಡ್ಡವನ್ನೇ ಹೇರಿದ್ದರೂ ಅವು ಬಾಗುತ್ತಿದ್ದವು. 132 ರೂಪಾಯಿ ಉಳಿಸಲು ಹೋಗಿ ನಲವತ್ತು ರಾತ್ರಿಗಳ ಕೆಲಸವನ್ನು ಕೆಡಿಸಿಕೊಂಡೆ.

ಹಾಗಾಗಿ ಅಂಗಡಿಯಲ್ಲಿ ದಪ್ಪ ಕಾಗದ ಕೊಳ್ಳುವಾಗಲೇ ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆಗೆ ಸುಲಭವಾಗಿ ಬಾಗಿ ಕೊಳವೆಯಂತಾಗುವುದೋ, ಆ ಕೊಳವೆಯ ಉದ್ದವೇ ನಾರಿನ ದಿಕ್ಕು. ಅನುಮಾನವಿದ್ದರೆ ಮನೆಯಲ್ಲಿ ಚಿಕ್ಕ ಚೌಕವೊಂದನ್ನು ಕತ್ತರಿಸಿ ಒಂದು ಮೈಗೆ ಮಾತ್ರ ಒದ್ದೆ ಬೆರಳು ಸವರಿ; ಅದು ಕೂಡಲೇ ಸುರುಳಿಕೊಂಡು ತನ್ನ ದಿಕ್ಕನ್ನು ತಾನೇ ಹೇಳುತ್ತದೆ. ಮಡಿಕೆ ಆ ದಿಕ್ಕಿಗೇ ಬರಲಿ, ಅಂಟಿಸುವ ಪ್ರತಿಯೊಂದು ಹಾಳೆಯ ನಾರೂ ಅದೇ ದಿಕ್ಕಿಗಿರಲಿ. ಮಡಚುವ ಮೊದಲು ಸ್ಕೇಲ್ ಇಟ್ಟು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒಂದು ಗೀರು ಎಳೆಯಿರಿ. ನೀರಿನ ಗೋಂದನ್ನು ದೊಡ್ಡ ಹಾಳೆಗೆ ಬಳಸಬೇಡಿ. ಗ್ಲೂ ಸ್ಟಿಕ್ ಅಥವಾ ಎರಡೂ ಬದಿಗೆ ಅಂಟುವ ಟೇಪು ಸಾಕು. ಇಷ್ಟಕ್ಕೆ ಕಿಟ್ ಬೇಕಾಗಿಲ್ಲ. ಕಿಟ್‌ನೊಳಗಿನ ಕತ್ತರಿ, ಸೂಜಿ, ಬಣ್ಣದ ಪಟ್ಟಿಗಳೆಲ್ಲ ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತವೆ, ಅದರಲ್ಲಿ ಬರುವ ದಪ್ಪ ಕಾಗದವಂತೂ ಅಡ್ಡನಾರಿಗೆ ಕತ್ತರಿಸಿದ್ದಾಗಿರಲೂಬಹುದು.

ನೀವು ಕೇಳಿದ ಮೂರರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕ್ವಿಲ್ಲಿಂಗ್ ಸುರುಳಿಗಳು ಎದ್ದು ನಿಲ್ಲುವುದರಿಂದ ಅಂಚೆಚೀಲದಲ್ಲಿ ಅಪ್ಪಚ್ಚಿಯಾಗುತ್ತವೆ. ಕೈಯಿಂದ ಕೈಗೆ ಕೊಡುವುದಾದರೆ ಮಾತ್ರ ಮಾಡಿ. ಒರಿಗಾಮಿಗೆ ತೆಳು ಕಾಗದ ಸಾಕು, ಅಂಚೆಗೂ ಒಗ್ಗುತ್ತದೆ. ಪಾಪ್‌-ಅಪ್‌ನಲ್ಲಿ, ಮುಚ್ಚಿದಾಗ ಒಳಗಿನ ಆಕೃತಿಯ ತುದಿ ಪತ್ರದ ಅಂಚಿನಿಂದ ಹೊರಗೆ ಬರಬಾರದು ಎಂಬ ಒಂದು ಅಳತೆಯನ್ನು ಬಿಳಿ ಹಾಳೆಯ ಮಾದರಿಯಲ್ಲಿ ಮೊದಲೇ ಪರೀಕ್ಷಿಸಿಕೊಂಡರೆ ಉಳಿದದ್ದು ಸುಲಭ. ಆದರೆ ಹಿಮದ ಹರಳು, ಪೈನ್ ಮರ, ಹಿಮಸಾರಂಗಗಳನ್ನು ಮಾತ್ರ ಮಾಡಬೇಡಿ ಎಂದು ಬೇಡಿಕೊಳ್ಳುತ್ತೇನೆ. ನಮ್ಮ ಕರಾವಳಿಯ ಕ್ರಿಸ್‌ಮಸ್‌ಗೆ ಗೂಡುದೀಪವಿದೆ, ಗೋದಲಿಯಿದೆ, ತೆಂಗಿನ ಮರಗಳ ನಡುವೆ ಚರ್ಚಿನ ಗೋಪುರವಿದೆ. ಗುಡಿಗಾರರು ಮದುವೆಯ ಬಾಸಿಂಗಕ್ಕೆ ಬೆಂಡನ್ನು ಎಷ್ಟು ಸೂಕ್ಷ್ಮವಾಗಿ ಕತ್ತರಿಸುತ್ತಾರೆ ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡಿ. ಕಾಗದದ ಕತ್ತರಿಕೆಗೆ ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು, ನೂರು ಎಂಬ ನಿಮ್ಮ ಸಂಖ್ಯೆಯನ್ನೇ ನಾನು ಒಪ್ಪುವುದಿಲ್ಲ. 1843ರಲ್ಲಿ ಲಂಡನ್ನಿನ ಸರ್ಕಾರಿ ಅಧಿಕಾರಿ ಹೆನ್ರಿ ಕೋಲ್ ಅವರಿಗೆ ಎಲ್ಲ ಸ್ನೇಹಿತರಿಗೂ ಪತ್ರ ಬರೆಯಲು ಬಿಡುವಿರಲಿಲ್ಲ. ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರರಿಂದ ಒಂದು ಚಿತ್ರ ಬರೆಸಿ, ಸಾವಿರದಷ್ಟು ಪ್ರತಿಗಳನ್ನು ಅಚ್ಚು ಹಾಕಿಸಿ, ತಮಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದವನ್ನು ಒಂದು ಶಿಲ್ಲಿಂಗ್‌ಗೆ ಒಂದರಂತೆ ಮಾರಿದರು. ಮೊದಲ ಅಚ್ಚಿನ ಕ್ರಿಸ್‌ಮಸ್ ಕಾರ್ಡ್ ಹುಟ್ಟಿದ್ದೇ ಹಾಗೆ. ಒಂದೇ ಬಗೆಯ ನೂರು ಪತ್ರ ಬೇಕಾದವರಿಗೆ ಅಂದಿನಿಂದಲೂ ಅಚ್ಚಿನ ದಾರಿಯಿದೆ, ಅವರು ಆ ದಾರಿಯಲ್ಲೇ ಹೋಗಲಿ. ನನ್ನ ಆಯಿ (ಅಮ್ಮ) ಸಂಕ್ರಾಂತಿಗೆ ಮೊದಲು ದಿನಗಟ್ಟಲೆ ಸಣ್ಣ ಉರಿಯ ಮುಂದೆ ಕುಳಿತು, ಎಳ್ಳಿಗೆ ಹನಿಹನಿಯಾಗಿ ಸಕ್ಕರೆ ಪಾಕ ಬಿಟ್ಟು ಸಂಕ್ರಾಂತಿ ಕಾಳು ಮಾಡುತ್ತಿದ್ದಳು. ಹಳೆಯ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬಣ್ಣದ ಕಾಗದ ಅಂಟಿಸಿ ಪತ್ರ ಮಾಡಿ, ಚಿಟಿಕೆ ಕಾಳನ್ನು ಪೊಟ್ಟಣ ಕಟ್ಟಿ ಜೊತೆಗಿಟ್ಟು, ಹೊರಗಿದ್ದ ಅಣ್ಣತಮ್ಮಂದಿರಿಗೆ ಕಳಿಸುತ್ತಿದ್ದಳು. ಆರೇ ಲಕೋಟೆ, ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ನನ್ನ ಸೋದರಮಾವನ ಪೆಟ್ಟಿಗೆಯಲ್ಲಿ ಅವುಗಳಲ್ಲಿ ಮೂರು ಇನ್ನೂ ಇವೆ. ನಾನು ಒಪ್ಪಿಸಿದ ಆ 88ರಲ್ಲಿ ಒಂದಾದರೂ ಎಲ್ಲಿಯಾದರೂ ಉಳಿದಿರಬಹುದೆಂದು ನನಗನ್ನಿಸುವುದಿಲ್ಲ.

ಮಾರಲೇಬೇಕೆಂದಿದ್ದರೆ ಈ ವರ್ಷ ಇಪ್ಪತ್ತು ಮಾಡಿ. ಕೊಳ್ಳುವವರಿಂದ ಪತ್ರ ತಲುಪಬೇಕಾದವರ ಹೆಸರು ಕೇಳಿಕೊಂಡು, ಅದನ್ನು ನಿಮ್ಮ ಕೈಯಿಂದಲೇ ಬರೆಯಿರಿ, ಬೆಲೆಯನ್ನು ನಾಲ್ಕು ಪಟ್ಟು ಇಡಿ. ಕೊಳ್ಳುವವರು ಸಿಗುತ್ತಾರೆ, ನಾನು ಈಗ ಮಾಡುತ್ತಿರುವುದು ಅದನ್ನೇ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆಯೇ ಗೋಂದಿನ ಡಬ್ಬಿ ತೆರೆಯಿರಿ, ಅದಕ್ಕೆ ಮೊದಲು ಕತ್ತರಿಸುವ ಕೆಲಸವನ್ನಷ್ಟೇ ಮಾಡಿಕೊಳ್ಳಿ. ಮತ್ತು ದೊಡ್ಡ ಹಾಳೆಯನ್ನು ತುಂಡು ಮಾಡುವ ಮೊದಲು ಅದರ ಹಿಂಬದಿಯಲ್ಲಿ ಪ್ರತಿ ತುಂಡಿಗೂ ಒಂದೊಂದು ಬರುವಂತೆ ಪೆನ್ಸಿಲ್‌ನಿಂದ ನಾರಿನ ದಿಕ್ಕಿಗೆ ಬಾಣದ ಗುರುತು ಹಾಕಿ, ತುಂಡುಗಳಾದ ಮೇಲೆ ದಿಕ್ಕು ಕಣ್ಣಿಗೆ ಕಾಣಿಸುವುದಿಲ್ಲ. ಒಳಹಾಳೆ ಅಂಟಿಸಿದಾಗ ಆ ಗುರುತು ತಾನಾಗಿ ಮುಚ್ಚಿಹೋಗುತ್ತದೆ.