ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾದ ಮೇಲೂ ಅದರ ಜೀವಕೋಶಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಯಾಕೆ?
ಯಾಕಂದ್ರೆ ಕಾಯಿಲೆ ಹರಡಿದ ಮೇಲೆ ಒಬ್ಬರ ಮೈಯಲ್ಲೇ ಹಲವು ಬಗೆಯ ಕ್ಯಾನ್ಸರ್ ಕೋಶಗಳಿರುತ್ತವೆ. ಅಂಡಾಶಯದ ಗಡ್ಡೆಯಲ್ಲಿ ಇರುವಂಥವೇ ಹೊಟ್ಟೆಯೊಳಗಿನ ಕೊಬ್ಬಿನ ಪದರದಲ್ಲೋ, ಹೊಟ್ಟೆಯಲ್ಲಿ ತುಂಬಿಕೊಂಡ ನೀರಿನಲ್ಲೋ ಇರಬೇಕೆಂದೇನಿಲ್ಲ. ಜಾಸ್ತಿ ಕಾಣುವ ಹೈ-ಗ್ರೇಡ್ ಸೀರಸ್ ಬಗೆಯಲ್ಲಿ ಕೋಶ ಅಡ್ಡಾದಿಡ್ಡಿ ಬೆಳೆಯದಂತೆ ತಡೆಯುವ ಟಿಪಿ53 ಜೀನ್ ಹೆಚ್ಚುಕಡಿಮೆ ಎಲ್ಲರಲ್ಲೂ ಕೆಟ್ಟಿರುತ್ತದೆ, ಆಮೇಲೆ ಕೋಶಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ.

ಕಾರ್ಬೊಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿಗಳನ್ನು ಕೊಟ್ಟಾಗ ಗಡ್ಡೆ ಚೆನ್ನಾಗಿಯೇ ಕುಗ್ಗುತ್ತದೆ. ಕಾಯಿಲೆ ಮರಳಿ ಬರುವುದು ಉಳಿದುಕೊಂಡ ಕೆಲವೇ ಕೋಶಗಳಿಂದ. ಗಡ್ಡೆಯ ಇಡೀ ತುಣುಕನ್ನು ಅರೆದು ಪರೀಕ್ಷಿಸಿದರೆ ಸಿಗುವುದು ಸರಾಸರಿ ಅಷ್ಟೇ, ಆ ಕೆಲವು ಅದರಲ್ಲಿ ಕಳೆದುಹೋಗುತ್ತವೆ. ಒಂದೊಂದು ಕೋಶದ ಆರ್‌ಎನ್‌ಎ (ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಣು) ಓದಿದರೆ ಅವು ಕಣ್ಣಿಗೆ ಬೀಳುತ್ತವೆ, ಸುತ್ತ ಇರುವ ರೋಗನಿರೋಧಕ ಕೋಶಗಳು ಏನು ಮಾಡುತ್ತಿವೆ ಅನ್ನುವುದೂ ತಿಳಿಯುತ್ತದೆ.

ಒಂದು ಉದಾಹರಣೆ ನೋಡಿ. ಬಿಆರ್‌ಸಿಎ ಜೀನ್ ಕೆಟ್ಟ ಕೋಶಕ್ಕೆ ಡಿಎನ್‌ಎ ಸರಿಯಾಗಿ ರಿಪೇರಿ ಮಾಡಿಕೊಳ್ಳಲು ಆಗುವುದಿಲ್ಲ, ಹಾಗಾಗಿ ಒಲಾಪರಿಬ್ ಮಾತ್ರೆಗೆ ಅದು ಸಾಯುತ್ತದೆ. ಆದರೆ ಕೆಲವು ಕೋಶಗಳಲ್ಲಿ ಇನ್ನೊಂದು ಬದಲಾವಣೆಯಾಗಿ ಆ ಜೀನ್ ಮತ್ತೆ ಕೆಲಸ ಶುರುಮಾಡುತ್ತದೆ, ಆಗ ಮಾತ್ರೆ ನಾಟುವುದಿಲ್ಲ. ಇಂಥವನ್ನು ಬೇಗ ಹಿಡಿದರೆ ಬೇರೆ ಔಷಧಿ ಯೋಚಿಸಬಹುದು, ಅಲ್ವಾ?

ಈ ಕೋಶ-ಕೋಶದ ಪರೀಕ್ಷೆ ಇನ್ನೂ ಮುಖ್ಯವಾಗಿ ಸಂಶೋಧನೆಯಲ್ಲೇ ಇದೆ. ಬಿಆರ್‌ಸಿಎ ಮತ್ತು ಎಚ್‌ಆರ್‌ಡಿ (ಗಡ್ಡೆಯ ಕೋಶಗಳಲ್ಲಿ ಡಿಎನ್‌ಎ ರಿಪೇರಿ ಕೆಟ್ಟಿದೆಯೇ ಎಂದು ನೋಡುವ) ಪರೀಕ್ಷೆಗಳು ಮಾತ್ರ ಈಗಲೇ ಸಿಗುತ್ತವೆ. ನಿಮ್ಮ ಮನೆಯವರಿಗಾಗಿ ಕೇಳುತ್ತಿದ್ದರೆ, ಚಿಕಿತ್ಸೆಯ ಶುರುವಿನಲ್ಲೇ ಡಾಕ್ಟರ್ ಹತ್ತಿರ ಅವುಗಳ ಬಗ್ಗೆ ದಯವಿಟ್ಟು ವಿಚಾರಿಸಿ.